ಕ, ಪ, ಮ ಕೇಳುವವರು ಯಾರು?

ನಿಮ್ಹಾನ್ಸ್ ನಮ್ಮೂರಲ್ಲಿದೆ ಎಂದು ಎದೆ ತಟ್ಟಿಕೊಳ್ಳುವ ಗೆಳೆಯರೇ, ಅದರೊಳಗೆ ಮನಶ್ಶಾಸ್ತ್ರಜ್ಞರಾಗಿ ಕೂರಲು ಏನು ಓದಬೇಕೆಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಎಂಬಿಬಿಎಸ್ ಬೇಕು, ನೀಟ್ ಬೇಕು ಅಂದುಕೊಂಡು ಸುಮ್ಮನಾದವರೇ ಹೆಚ್ಚು. ಅದು ಮನೋವೈದ್ಯರ ದಾರಿ, ಮಾತ್ರೆ ಬರೆಯುವವರದು. ಇದು ಬೇರೆ.

ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರಿಗೂ ಈ ಬಾಗಿಲು ತೆರೆದಿದೆ. ಮನಶ್ಶಾಸ್ತ್ರದಲ್ಲಿ ಬಿ.ಎ. ಅಥವಾ ಬಿ.ಎಸ್ಸಿ., ಆಮೇಲೆ ಎರಡು ವರ್ಷ ಎಂ.ಎ. ಅಥವಾ ಎಂ.ಎಸ್ಸಿ. ಇಷ್ಟಕ್ಕೇ ಬೋರ್ಡು ನೇತುಹಾಕುವವರಿದ್ದಾರೆ. ವಿಸಿಟಿಂಗ್ ಕಾರ್ಡಿಗೆ ನಮ್ಮ ಪ್ರೆಸ್ಸಿಗೇ ಬರುತ್ತಾರೆ. 'ಕ್ಲಿನಿಕಲ್ ಸೈಕಾಲಜಿಸ್ಟ್' ಎಂದು ಹಾಕಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ ಬಹುಕಾಲ ಇದ್ದ ಹೆದ್ದಾರಿ, ಆಸ್ಪತ್ರೆಯಲ್ಲಿದ್ದು ಕಲಿಯುವ ಎರಡು ವರ್ಷದ ಎಂ.ಫಿಲ್. ಆ ಪದವಿಯನ್ನೇ ಯುಜಿಸಿ 2022ರಲ್ಲಿ ನಿಲ್ಲಿಸಿತು. ಈ ವಿಷಯಕ್ಕೆ 2025-26ರ ತನಕ ವಿನಾಯಿತಿ ಕೊಟ್ಟಿತು. ಆದ್ದರಿಂದ ಯಾವ ಕೋರ್ಸಿಗೇ ಆಗಲಿ, ಫೀಸು ಕಟ್ಟುವ ಮೊದಲು ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಕೇಳಿ. ಬ್ರೋಷರ್ ನಂಬಬೇಡಿ. ಬ್ರೋಷರ್ ಅಚ್ಚು ಹಾಕುವವನೇ ಹೇಳುತ್ತಿದ್ದೇನೆ.

ನರಮನಶ್ಶಾಸ್ತ್ರ ಇದರ ಮೇಲಿನ ಮೆಟ್ಟಿಲು. ಪಾರ್ಶ್ವವಾಯು ಹೊಡೆದವರಲ್ಲಿ, ತಲೆಗೆ ಪೆಟ್ಟು ಬಿದ್ದವರಲ್ಲಿ ನೆನಪು, ಗಮನ, ಮಾತು ಎಷ್ಟು ಉಳಿದಿದೆ ಎಂದು ಅಳೆಯುವ ಕೆಲಸ. ಸ್ಕ್ಯಾನಿಂಗ್ ಒಂದೇ ಸಾಲದು, ಇಲ್ಲಿ ಭಾಷೆಯೂ ಉಪಕರಣ. ನಿಮ್ಹಾನ್ಸಿನ ಪರೀಕ್ಷಾಮಾಲೆಯಲ್ಲಿ ಒಂದು ಪರೀಕ್ಷೆಯಿದೆ: ಒಂದು ನಿಮಿಷದಲ್ಲಿ ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳುತ್ತಾ ಹೋಗಬೇಕು. ಇಂಗ್ಲಿಷ್ ಬಲ್ಲವರಿಗೆ ಎಫ್, ಎ, ಎಸ್. ಉಳಿದವರಿಗೆ ಕ, ಪ, ಮ. ಮಂಡ್ಯದ ರೈತರೊಬ್ಬರು ತಡವರಿಸುತ್ತಾ 'ಕಣಜ... ಕವಣೆ... ಕಡಗೋಲು' ಅಂದರೆ, ಅದು ಪದವೋ ತೊದಲೋ ಎಂದು ಎದುರು ಕೂತವರಿಗೆ ತಿಳಿಯಬೇಡವೇ? ಅಲ್ಲಿ ದುಭಾಷಿ ಏನು ಮಾಡಿಯಾನು?

ಕನ್ನಡದಲ್ಲಿ ಇದೆಲ್ಲ ಆಗದು ಎನ್ನುವ ಮೇಧಾವಿಗಳು ಕೇಳಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿದವರು. 1930ರ ದಶಕದಲ್ಲೇ ಧಾರವಾಡದಲ್ಲಿ ವಿ.ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ!

ಎಂ.ಎ. ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನವು, ನಿಜ. ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಇಲ್ಲೇ ಹೆದರುತ್ತಾರೆ. ಈಗಾಗಲೇ ಓದುತ್ತಿರುವ ಕನ್ನಡದ ಮಕ್ಕಳೇ, ಆ ಇಂಗ್ಲಿಷ್ ಪದಗಳಿಗೆ ಸರಳ ಕನ್ನಡದಲ್ಲಿ ಅರ್ಥ, ವಿವರಣೆ ಬರೆದುಕೊಡಿ. ಕಾಗದದ ದುಡ್ಡು ನೀವು ಕೂಡಿಸಿ, ಅಚ್ಚಿನ ಕೂಲಿ ನನಗೆ ಬೇಡ.