ವಂಶವಾಹಿಗೆ ಬೀಗ ಬೀಳುವ ಮುನ್ನ

ಯಾರಿಗಾದರೂ ಲಿವರ್ ಕ್ಯಾನ್ಸರ್ ಎಂದೊಡನೆ 'ಕುಡಿಯುತ್ತಿದ್ದರೇ?' ಎಂದು ಕೇಳುವುದು ನಮ್ಮಲ್ಲಿ ರೂಢಿ. ಮದ್ಯ ಮುಟ್ಟದವರಿಗೂ ಈ ರೋಗ ಬರುತ್ತದೆ. ಹೆಪಟೈಟಿಸ್ 'ಬಿ' ಮತ್ತು 'ಸಿ' ವೈರಸ್‌ಗಳು, ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿರುವ ಅಫ್ಲಟಾಕ್ಸಿನ್ ವಿಷ, ಬೊಜ್ಜು ಹಾಗೂ ಸಕ್ಕರೆ ಕಾಯಿಲೆಯೊಡನೆ ಲಿವರ್‌ನಲ್ಲಿ ಸೇರುವ ಕೊಬ್ಬು, ಇವೂ ಕಾರಣಗಳೇ.

ಒಳಗೆ ನಡೆಯುವುದೇನು? ಪ್ರತಿ ವಂಶವಾಹಿಯ ಆರಂಭದಲ್ಲಿ 'ಪ್ರೊಮೋಟರ್' ಎಂಬ ಭಾಗವಿದೆ. ವಂಶವಾಹಿ ಕೆಲಸ ಮಾಡಬೇಕೇ ಬೇಡವೇ ಎಂಬುದು ಬಹುಮಟ್ಟಿಗೆ ಅಲ್ಲಿ ನಿರ್ಧಾರವಾಗುತ್ತದೆ. ಅಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ದಟ್ಟವಾಗಿ ಅಂಟಿಕೊಂಡರೆ ವಂಶವಾಹಿ ಮೂಕವಾಗುತ್ತದೆ. ಅದರ ಬರಹ ಅಳಿಸಿಹೋಗಿರುವುದಿಲ್ಲ. ಪುಸ್ತಕಕ್ಕೆ ಬೀಗ ಬಿದ್ದಿರುತ್ತದೆ, ಅಷ್ಟೆ. ಜೀವಕೋಶ ಮಿತಿಮೀರಿ ವಿಭಜನೆಗೊಳ್ಳದಂತೆ ಕಾಯುವ 'ಪಿ16' ವಂಶವಾಹಿಗೆ ಅನೇಕ ಲಿವರ್ ಗಡ್ಡೆಗಳಲ್ಲಿ ಹೀಗೆ ಬೀಗ ಬಿದ್ದಿರುತ್ತದೆ. ಗಡ್ಡೆ ಕಾಣಿಸುವ ಮೊದಲೇ, ದೀರ್ಘಕಾಲದ ಉರಿಯೂತದಿಂದ ಲಿವರ್ ಗಟ್ಟಿಯಾಗುವ ಸಿರೋಸಿಸ್ ಹಂತದಲ್ಲೇ ಇಂಥ ಬದಲಾವಣೆಗಳು ಕಂಡುಬರುತ್ತವೆ.

ಬೀಗ ತೆಗೆಯುವ ಔಷಧಗಳಿಲ್ಲವೇ? ಅಜಾಸಿಟಿಡಿನ್ ಎಂಬುದಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಅದು ಅಸ್ಥಿಮಜ್ಜೆಯ ಒಂದು ರೋಗಕ್ಕೆ. ಲಿವರ್ ಕ್ಯಾನ್ಸರಿಗೆ ಅದು ರೂಢಿಯ ಚಿಕಿತ್ಸೆಯಲ್ಲ. ಆದ್ದರಿಂದ ಆರೋಗ್ಯವಂತರು ದುಬಾರಿ ಜೀನ್ ಪರೀಕ್ಷೆಗೆ ಹಣ ಸುರಿಯುವ ಬದಲು, ಬೀಗ ಬೀಳುವ ಕಾರಣಗಳನ್ನೇ ತಡೆಯುವುದು ಜಾಣತನವೆಂಬುದು ನನ್ನ ಅಭಿಪ್ರಾಯ.

ರಾಜಾಜಿನಗರವಿರಲಿ, ಕೆಂಗೇರಿಯಿರಲಿ, ಕಾಮಾಲೆ ಎಂದರೆ ಸೊಪ್ಪಿನ ರಸ ಕೊಡುವವರ ವಿಳಾಸ ಹೇಳುವ ಹಿತೈಷಿಗಳು ಸಿಗುತ್ತಾರೆ. ಹೆಪಟೈಟಿಸ್ 'ಎ' ಕಾಮಾಲೆ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. 'ಬಿ' ವೈರಸ್ ಹಾಗಲ್ಲ. ಕಣ್ಣು ಹಳದಿಯಾಗದೆಯೂ ಅದು ವರ್ಷಗಟ್ಟಲೆ ಒಳಗೆ ಉಳಿಯಬಲ್ಲದು. ಸೋಂಕು ಹುಟ್ಟುವಾಗಲೇ ತಗುಲಿದರೆ ಹತ್ತರಲ್ಲಿ ಒಂಬತ್ತು ಶಿಶುಗಳಲ್ಲಿ ಅದು ಬಹುಕಾಲ ನೆಲೆಯೂರುತ್ತದೆ.

ಇದನ್ನು ತಡೆಯುವ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮೊದಲ ಚುಚ್ಚುಮದ್ದು ಹುಟ್ಟಿದ 24 ಗಂಟೆಗಳೊಳಗೆ ಬೀಳಬೇಕು. ಆಮೇಲಿನವು 6, 10 ಮತ್ತು 14ನೇ ವಾರಗಳಲ್ಲಿ. ಹೆರಿಗೆ ಎಲ್ಲೇ ಆಗಲಿ, ಮೊದಲ ದಿನದ ಲಸಿಕೆಯನ್ನು ಮನೆಯವರೇ ಕೇಳಿ ಹಾಕಿಸಬೇಕು. ಗರ್ಭಿಣಿಯರು 'ಬಿ' ಸೋಂಕಿನ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಮನೆಯಲ್ಲಿ ಒಬ್ಬರಿಗೆ ಸೋಂಕಿದೆ ಎಂದರೆ, ಮದುವೆ ಮಾತುಕತೆಗೆ ಅಡ್ಡಿಯಾದೀತೆಂದು ಮುಚ್ಚಿಡುವುದುಂಟು. ಇದು ತಪ್ಪು. ಒಟ್ಟಿಗೆ ಊಟ ಮಾಡಿದರೆ ಈ ವೈರಸ್ ಹರಡುವುದಿಲ್ಲ. ಅವರ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಉಳಿದವರು ಪರೀಕ್ಷೆ ಮಾಡಿಸಿ, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಂಡರಾಯಿತು. ಸೋಂಕಿರುವವರು ವೈದ್ಯರ ಸಲಹೆಯಲ್ಲಿರಬೇಕು. ಸಿರೋಸಿಸ್ ಇದ್ದರೆ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬಾರದು. ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕರೆ ಗುಣಪಡಿಸುವ ಅವಕಾಶ ಹೆಚ್ಚು.