371(ಜೆ) ಸೀಟು ವನದುರ್ಗಕ್ಕೂ ಬರಲಿ

ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ 2013ರ ಆದೇಶ ಈ ಭಾಗದ ಮಕ್ಕಳಿಗೆ ಕೊಟ್ಟ ಪಾಲು ಇದು. ವರ್ಷಗಟ್ಟಲೆ ಹೋರಾಡಿ ಪಡೆದದ್ದು. ಒಂದು ಸೀಟೂ ಕಡಿಮೆಯಾಗಬಾರದು. ಆದರೆ ಆ ಸೀಟು ಯಾರ ಮನೆ ಸೇರುತ್ತಿದೆ?

ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ವನದುರ್ಗದಂಥ ಊರನ್ನು ನೋಡಿ. ಈ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಶಾಲೆಯ ಹಾಜರಿ ಇಳಿಯುತ್ತದೆ. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದರೆ ತಮ್ಮ ತಂಗಿಯರ ಹೊಣೆ ಹೈಸ್ಕೂಲು ಹುಡುಗಿಯ ಮೇಲೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆ. ಇದನ್ನೆಲ್ಲ ದಾಟಿ ನೀಟ್ ಬರೆಯುವ ಆ ಹುಡುಗಿ, ಕಲಬುರಗಿಯಲ್ಲಿ ಎರಡು ವರ್ಷ ಕೋಚಿಂಗ್ ಪಡೆದವರೊಂದಿಗೆ ಒಂದೇ ಪಟ್ಟಿಯಲ್ಲಿ ನಿಲ್ಲಬೇಕು. ಅದೂ ಸಾಲದೆಂಬಂತೆ, ಈ ಭಾಗದವರು ಯಾರೆಂದು ನಿರ್ಧರಿಸಲು ಸಂವಿಧಾನ ವಾಸದ ಜೊತೆಗೆ ಹುಟ್ಟನ್ನೂ ಆಧಾರವಾಗಿಟ್ಟಿದೆ. ಇಲ್ಲಿ ಹುಟ್ಟಿ, ಬೆಂಗಳೂರಿನ ದುಬಾರಿ ಶಾಲೆಯಲ್ಲಿ ಬೆಳೆದ ಅಧಿಕಾರಿಯ ಮಗನೂ ಅದೇ ಪಟ್ಟಿಗೆ ಬರಬಹುದು.

ಹುಟ್ಟಿನ ಬಲದಿಂದ ಸೀಟು ಸಿಗುವುದು ಬೇರೆಡೆಯೂ ಇದೆ. ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಕಾಲೇಜು ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವುದನ್ನು ತಡೆಯಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆ ಮಾತ್ರ ಹಾಗೇ ಉಳಿಯಿತು. ಉಳ್ಳವರ ಮಕ್ಕಳಿಗೆ ಹುಟ್ಟಿನಿಂದಲೇ ದಕ್ಕುವ ಅಂಥ ಅನುಕೂಲ ನಮ್ಮಲ್ಲಿ ಮೀಸಲಾತಿಯ ಒಳಗೇ ಬೇರೂರಬಾರದು.

ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಬೇಕು ಕೂಡ. ಆದರೆ ಹಳ್ಳಿ ಗಡಿಯಲ್ಲಿ ಕಟ್ಟಿದ ಖಾಸಗಿ ವಸತಿ ಶಾಲೆಯ ಮಗುವೂ, ಶಿಕ್ಷಕರಿಲ್ಲದ ಸರ್ಕಾರಿ ಶಾಲೆಯ ಮಗುವೂ ಆ ಲೆಕ್ಕದಲ್ಲಿ ಒಂದೇ.

ತಮಿಳುನಾಡು 2020ರಲ್ಲೇ ವೈದ್ಯಕೀಯ ಪ್ರವೇಶದಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಶೇ 7.5 ಒಳಮೀಸಲು ತಂದಿತು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮ ರಾಜ್ಯದಲ್ಲೇ, ಹಿಂದುಳಿದಿರುವಿಕೆಯನ್ನು ತಾಲೂಕು ತಾಲೂಕಾಗಿ ಅಳೆಯಬೇಕೆಂದು ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ ತೋರಿಸಿಕೊಟ್ಟದ್ದು 2002ರಲ್ಲಿ. ಅಭಿವೃದ್ಧಿಯ ಹಣಕ್ಕೆ ಒಪ್ಪಿದ ಆ ಅಳತೆ ಸೀಟಿಗೆ ಏಕೆ ಬೇಡ?

ಸರ್ಕಾರ ಮಾಡಬೇಕಾದದ್ದು ಇಷ್ಟು: 371(ಜೆ) ಸೀಟುಗಳೊಳಗೆ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಪಾಲು ಗೊತ್ತುಮಾಡಲಿ, ಅದರಲ್ಲಿ ಅತಿ ಹಿಂದುಳಿದ ತಾಲೂಕುಗಳಿಗೆ ಮೊದಲ ಅವಕಾಶ ಕೊಡಲಿ. 2013ರಿಂದ ಈವರೆಗೆ ಯಾವ ತಾಲೂಕಿನ, ಯಾವ ಬಗೆಯ ಶಾಲೆಯ ಎಷ್ಟು ಮಕ್ಕಳು ಈ ಸೀಟು ಪಡೆದರೆಂಬ ಪಟ್ಟಿಯನ್ನು ಮುಂದಿನ ಕೌನ್ಸೆಲಿಂಗ್‌ಗೆ ಮೊದಲೇ ಜನರ ಮುಂದಿಡಲಿ.