ಮಹಿಳಾ ದಿನಕ್ಕೆ ರಂಗೋಲಿ ಒಂದೇ ಸಾಕೇ?

ಮಾರ್ಚ್ 8 ಹತ್ತಿರ ಬಂತೆಂದರೆ ನಮ್ಮ ಬಡಾವಣೆಗಳ ಮಹಿಳಾ ಸಮಾಜಗಳಲ್ಲಿ ಸಡಗರವೋ ಸಡಗರ. ರಂಗೋಲಿ ಸ್ಪರ್ಧೆ, ಮ್ಯೂಸಿಕಲ್ ಚೇರ್, ಒಲೆ ಹಚ್ಚದೆ ಅಡುಗೆ, ಗೆದ್ದವರಿಗೆ ಸ್ಟೀಲ್ ಡಬ್ಬಿ. ಬೇಡ ಅಂತ ಯಾರಂದರು? ವರ್ಷವಿಡೀ ಮನೆಮಂದಿಗಾಗಿ ದುಡಿಯುವವರು ಒಂದು ದಿನ ನಕ್ಕು ನಲಿದರೆ ಯಾರ ಗಂಟೂ ಹೋಗೋದಿಲ್ಲ. ಆದರೆ ಅದೇ ಸಭೆಯಲ್ಲಿ ‘ನಮಗೆ ಓಟು ಬಂದದ್ದು ಹೇಗೆ?’ ಅಂತ ಒಮ್ಮೆ ಕೇಳಿ ನೋಡಿ. ‘ಸ್ವಾತಂತ್ರ್ಯ ಬಂತಲ್ಲ, ಅದರ ಜತೆಗೇ ಬಂತು’ ಎನ್ನುವವರೇ ಹೆಚ್ಚು.

ಹಾಗೇನಿಲ್ಲ ಕಣ್ರೀ. ಅದನ್ನು ಕೇಳಿ ಪಡೆದವರು ನಿಮ್ಮ ಹಾಗೇ ಸಂಘ ಕಟ್ಟಿಕೊಂಡ ಹೆಂಗಸರು. 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ‘ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್’ ಶುರುವಾಯಿತು. ಅದರ ಶಾಖೆಗಳಲ್ಲಿ ಹೊಲಿಗೆ, ಓದು-ಬರಹದ ತರಗತಿಗಳು ನಡೆಯುತ್ತಿದ್ದವು. ಅದೇ ವರ್ಷ ಬ್ರಿಟನ್ನಿನ ಮಂತ್ರಿ ಮಾಂಟೆಗು ಭಾರತಕ್ಕೆ ಬಂದಾಗ ಮಾರ್ಗರೆಟ್ ಕಸಿನ್ಸ್ ಭೇಟಿಗೆ ಅವಕಾಶ ಕೇಳಿದ್ದು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತಾಡಲು. ರಾಜಕೀಯದ ವಿಷಯ ಬಿಟ್ಟು ಬೇರೇನನ್ನೂ ಕೇಳುವುದಿಲ್ಲ ಅಂತ ಉತ್ತರ ಬಂತು. ಹಾಗಾದರೆ ಓಟನ್ನೇ ಕೇಳೋಣ ಅಂತ ಡಿಸೆಂಬರ್‌ನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ನಿಯೋಗವೇ ಹೋಯಿತು! ಮುಂದೆ 1921ರಲ್ಲಿ ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತ್ಯಗಳು ಒಪ್ಪಿದವು. ಆಗ ಮಂಗಳೂರು, ಬಳ್ಳಾರಿ ಮದ್ರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ ಬೊಂಬಾಯಿಗೆ. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಹೆಂಗಸರೂ ಓಟು ಹಾಕಬಹುದು ಅಂತಾದದ್ದು 1923ರ ಕಾಯ್ದೆಯಿಂದ. ಎಲ್ಲ ಕಡೆಯೂ ಆಸ್ತಿ, ತೆರಿಗೆಯ ಷರತ್ತು ಇದ್ದೇ ಇತ್ತು. ಹಾಗಾಗಿ ಓಟು ಸಿಕ್ಕಿದ್ದು ಕೆಲವರಿಗೆ ಮಾತ್ರ.

1926ರಲ್ಲಿ ನಮ್ಮ ಮಂಗಳೂರಿನ ಹೆಣ್ಣುಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿದರು. ಆಗಿನ್ನೂ ಅವರಿಗೆ 23 ವರ್ಷ. ಗೆಲ್ಲಲಿಲ್ಲ, ಆದರೆ ಸೋತದ್ದು ತೀರಾ ಕಡಿಮೆ ಅಂತರದಲ್ಲಿ. ಕರಕುಶಲ ವಸ್ತುಗಳ ವಿಷಯ ಬಂದಾಗ ಕಮಲಾದೇವಿಯವರನ್ನು ನೆನೆಯುತ್ತೇವೆ, ಈ ಚುನಾವಣೆಯನ್ನು ಮಾತ್ರ ಮರೆತುಬಿಡುತ್ತೇವೆ.

1935ರ ಕಾಯ್ದೆ ಬಂದಾಗ ಆಸ್ತಿವಂತರ ಹೆಂಡತಿಯರಿಗೂ ಓಟು ಸಿಕ್ಕಿತು. ಗಂಡನ ಆಸ್ತಿಯ ಲೆಕ್ಕದಲ್ಲಿ ಹೆಂಡತಿಗೆ ಓಟು! ಮಹಿಳಾ ಸಂಘಟನೆಗಳು ಇದನ್ನು ಮೊದಲೇ ವಿರೋಧಿಸಿದ್ದವು. ವಯಸ್ಸಿಗೆ ಬಂದ ಎಲ್ಲರಿಗೂ ಕೊಡಿ, ಇಂಥವರ ಹೆಂಡತಿ ಅಂತ ಕೊಡಬೇಡಿ ಎನ್ನುವುದು ಅವರ ವಾದ. ಎಷ್ಟು ಸ್ವಾಭಿಮಾನ ನೋಡಿ.

ಇನ್ನು ಸ್ವಾತಂತ್ರ್ಯ ಬಂದ ಮೇಲಿನ ಕಥೆ. 1951-52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವವರು ಮನೆಮನೆಗೆ ಹೋದರೆ, ಉತ್ತರದ ಹಲವು ರಾಜ್ಯಗಳಲ್ಲಿ ಹೆಂಗಸರು ಹೆಸರೇ ಹೇಳಲಿಲ್ಲವಂತೆ. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಅಂತಲೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಕೊನೆಗೂ ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು.

‘ಅಯ್ಯೋ, ಅದು ಆ ಕಾಲ’ ಅಂತೀರಾ? ಈಗಲೂ ಪಟ್ಟಿಯಿಂದ ಜಾರಿಹೋಗಲು ಹೆಂಗಸರಿಗೆ ಕಾರಣಗಳು ಬೇಕಾದಷ್ಟಿವೆ. ಮದುವೆಯಾಗಿ ಊರು ಬಿಟ್ಟರೆ ತವರಿನ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ, ಗಂಡನ ಮನೆಯ ಪಟ್ಟಿಗೆ ಸೇರಿಸಿದವರಿಲ್ಲ. ಬಾಡಿಗೆ ಮನೆ ಬದಲಾದಾಗ ಗ್ಯಾಸ್ ಕನೆಕ್ಷನ್ನು, ಮಕ್ಕಳ ಸ್ಕೂಲು ಎಲ್ಲಾ ನೆನಪಿರುತ್ತೆ, ಇದೊಂದು ಬಿಟ್ಟು. ‘ಅದನ್ನೆಲ್ಲ ನಮ್ಮನೆಯವರು ನೋಡ್ಕೋತಾರೆ’ ಅಂತ ಕೂತವರಿಗೆ ಮತಗಟ್ಟೆಯ ಬಾಗಿಲಲ್ಲೇ ಗೊತ್ತಾಗುವುದು.

ಆದ್ದರಿಂದ ನನ್ನ ಸಲಹೆ ಇಷ್ಟೇ. ಈ ಸಲ ನಿಮ್ಮ ಸಮಾಜದ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಈ ಹಳೆಯ ಕಥೆ ಹೇಳಿ. ಆಮೇಲೆ ಅಲ್ಲೇ ಕೂತು ಒಬ್ಬೊಬ್ಬರ ಹೆಸರೂ ಪಟ್ಟಿಯಲ್ಲಿದೆಯೇ ಅಂತ ಮೊಬೈಲಿನಲ್ಲಿ ನೋಡಿ. ಹೊಸದಾಗಿ ಸೇರಲು ಫಾರ್ಮ್ 6. ವಿಳಾಸ ಬದಲಾಗಿದ್ದರೆ, ಹೆಸರು ತಪ್ಪಾಗಿದ್ದರೆ ಫಾರ್ಮ್ 8. ಮನೆಯಲ್ಲಿ 18 ತುಂಬಿದ ಮಗಳಿದ್ದರೆ ಅವಳನ್ನೂ ಕರೆತನ್ನಿ. ಮನೆಗೆಲಸಕ್ಕೆ ಬರುವಾಕೆಯನ್ನು ಮರೆಯಬೇಡಿ. ವರ್ಷದ ಕೊನೆಗೆ ಮನೆ ಖಾಲಿ ಮಾಡುವವರ ಪೈಕಿ ಅವರೇ ಮೊದಲು.

‘ನಮಗ್ಯಾಕೆ ರಾಜಕೀಯ’ ಅನ್ನೋರು ಇದ್ದೇ ಇರ್ತಾರೆ. ನೀರು ಮೂರು ದಿನಕ್ಕೊಮ್ಮೆ ಬಂದರೆ ಡ್ರಮ್ಮು ತುಂಬಿಸುವವರು ಯಾರು? ಬೀದಿದೀಪ ಇಲ್ಲದಿದ್ದರೆ ಟ್ಯೂಷನ್ನಿಗೆ ಹೋದ ಮಗಳಿಗಾಗಿ ಗೇಟಿನ ಬಳಿ ಕಾಯುವವರು ಯಾರು? ಮಹಾನಗರಪಾಲಿಕೆ ಇರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎನ್ನುತ್ತದೆ ಕಾನೂನು, ಅದರಲ್ಲಿ ಮಹಿಳೆಯರಿಗೂ ಜಾಗ ಇದೆ. ಸಭೆ ಯಾವಾಗ ಅಂತ ವಿಚಾರಿಸಿ, ನಾಲ್ಕು ಜನ ಜತೆಯಾಗಿ ಹೋಗಿ. ಒಬ್ಬರೇ ಹೋದರೆ ‘ನೋಡೋಣಮ್ಮ’ ಅಂತಾರೆ, ನಾಲ್ಕು ಜನ ಹೋದರೆ ಬರೆದುಕೊಳ್ತಾರೆ. ಒಂದು ಎಚ್ಚರಿಕೆ: ಸಮಾಜದ ವೇದಿಕೆಗೆ ಯಾವ ಪಕ್ಷವನ್ನೂ ಹತ್ತಿಸಬೇಡಿ. ಚುನಾವಣೆ ಹೊತ್ತಿಗೆ ಸೀರೆ, ಕುಕ್ಕರ್ ಹಂಚಲು ಮಹಿಳಾ ಸಂಘಗಳನ್ನು ಹುಡುಕಿಕೊಂಡು ಬರುವವರಿಗೇನು ಕೊರತೆ!

ಮತ್ತೆ, ಪಟ್ಟಿ ಪರಿಷ್ಕರಣೆಗೆ ಮತಗಟ್ಟೆ ಅಧಿಕಾರಿ ನಿಮ್ಮ ಮನೆ ಬೆಲ್ ಒತ್ತಿದಾಗ ‘ಯಜಮಾನರು ಆಫೀಸಿಗೆ ಹೋಗಿದಾರೆ, ಸಂಜೆ ಬನ್ನಿ’ ಅಂತ ಕಳಿಸಬೇಡಿ. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಪಟ್ಟಿಯಲ್ಲಿ ನಿಮ್ಮ ಹೆಸರು ಸರಿಯಾಗಿದೆಯಾ ಅಂತ ನೀವೇ ನೋಡಿ.